ಅಚೌರ್ಯಾಣುವ್ರತ ಮತ್ತು ಅಂತರ್ಜಾಲದ ಹರಾಜು: ಒಂದು ವಿಮರ್ಶೆ

ಶ್ರಾವಕನ ಐದು ಅಣುವ್ರತಗಳಲ್ಲಿ ವ್ಯಾಪಾರದ ಬದುಕಿಗೆ ಅತ್ಯಂತ ಸಮೀಪವಾಗಿರುವುದು ಅಚೌರ್ಯಾಣುವ್ರತ. ಈ ವ್ರತಕ್ಕೆ ಒದಗುವ ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದಾಗಿ ಎಣಿಸಿದ್ದಾರೆ: ಕಳ್ಳತನಕ್ಕೆ ಇನ್ನೊಬ್ಬನನ್ನು ಪ್ರೇರಿಸುವ ಸ್ತೇನಪ್ರಯೋಗ, ಕದ್ದು ತಂದುದನ್ನು ಕೊಳ್ಳುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವ ವಿರುದ್ಧರಾಜ್ಯಾತಿಕ್ರಮ, ಕೊಡುವಾಗ ಒಂದು, ಕೊಳ್ಳುವಾಗ ಇನ್ನೊಂದು ಎಂಬಂತೆ ಅಳತೆ ತೂಕಗಳನ್ನು ಬದಲಿಸುವ ಹೀನಾಧಿಕಮಾನೋನ್ಮಾನ, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವ ಪ್ರತಿರೂಪಕವ್ಯವಹಾರ. ಗೋಡೆಗೆ ಕನ್ನ ಕೊರೆಯುವವನ ಮಾತು ಇಲ್ಲಿ ಬರುವುದಿಲ್ಲ. ಐದೂ ವ್ಯವಹಾರದ ನಡುವೆ, ಬಿಳಿಯ ಬಟ್ಟೆ ಉಟ್ಟು ಕುಳಿತ ಗೃಹಸ್ಥನಿಂದಲೇ ಆಗಬಹುದಾದ ತಪ್ಪುಗಳು. ಸತ್ಯಾಣುವ್ರತದ ಅತಿಚಾರಗಳಲ್ಲಿಯೂ ಎರಡು ಇದೇ ಜಾತಿಯವು: ಸುಳ್ಳು ಪತ್ರ ಸೃಷ್ಟಿಸುವ ಕೂಟಲೇಖಕ್ರಿಯೆ, ನಂಬಿ ಇಟ್ಟುದನ್ನು ನುಂಗುವ ನ್ಯಾಸಾಪಹಾರ.

ಈ ಏಳು ಹೆಸರುಗಳನ್ನು ಮುಂದಿಟ್ಟುಕೊಂಡು ಇಂದಿನ ಒಂದು ದೊಡ್ಡ ಭರವಸೆಯನ್ನು ಪರೀಕ್ಷಿಸಬಹುದಾಗಿದೆ. ಅಂತರ್ಜಾಲದ ಹರಾಜುಗಳಲ್ಲಿ ನಡೆಯುವ ಮೋಸವನ್ನು ಬ್ಲಾಕ್‌ಚೈನ್ ಎಂಬ ತಂತ್ರಜ್ಞಾನ ತಡೆಯಬಲ್ಲದು, ಅದು ನೆಲೆಗೊಂಡಲ್ಲಿ ಮಾರುವವನನ್ನು ಕೊಳ್ಳುವವನು ನಂಬಬೇಕಾದ ಅಗತ್ಯವೇ ಉಳಿಯದು ಎಂಬುದು ಆ ಭರವಸೆ. ವ್ಯಾಪಾರವನ್ನೇ ಕುಲವೃತ್ತಿಯಾಗಿ ಉಳ್ಳ ಸಮಾಜಕ್ಕೆ ಈ ಮಾತು ಸಾಮಾನ್ಯವಾದುದಲ್ಲ. ನಂಬಿಕೆಯ ಅಗತ್ಯವಿಲ್ಲದ ಪೇಟೆ ನಿಜವಾಗಿ ಸಾಧ್ಯವಾದರೆ, ನಂಬಿಕೆಯನ್ನು ಉಳಿಸಿಕೊಳ್ಳಲು ಪೂರ್ವಿಕರು ಹಿಡಿದ ವ್ರತಕ್ಕೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆ ಏಳುತ್ತದೆ.

ಮೊದಲು ರೋಗವನ್ನು ನೋಡಬೇಕು. ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ 1995ರಲ್ಲಿ ಆರಂಭಿಸಿದ, ಮುಂದೆ ಈಬೇ ಎಂದು ಹೆಸರಾದ ತಾಣದಿಂದ ಅಂತರ್ಜಾಲದ ಹರಾಜು ಮನೆಮಾತಾಯಿತು. ಊರ ಹರಾಜಿನಲ್ಲಿ ಇದ್ದ ಎರಡು ರಕ್ಷೆಗಳು ಅಲ್ಲಿ ಇಲ್ಲವಾದವು. ಸರಕು ಕಣ್ಣೆದುರಿಗೆ ಇರಲಿಲ್ಲ. ಸವಾಲು ಹಾಕುವವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. 2000ದಲ್ಲಿ ಇದೇ ತಾಣದಲ್ಲಿ ಹಳೆಯ ಸಾಮಾನುಗಳ ಮಾರಾಟದಲ್ಲಿ ಸಿಕ್ಕಿದ್ದೆಂಬ ಕಥೆಯೊಡನೆ ಒಂದು ಚಿತ್ರ ಹರಾಜಿಗೆ ಬಂತು. ಪ್ರಸಿದ್ಧ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಅವರದೆಂದು ನೋಡಿದವರು ಊಹಿಸುವಂತೆ ಅದರ ಮೇಲೆ ಹೆಸರಿನ ಮೊದಲಕ್ಷರಗಳಿದ್ದವು. ಇಪ್ಪತ್ತೈದು ಸೆಂಟಿನಿಂದ ಆರಂಭವಾದ ಸವಾಲು 1,35,805 ಡಾಲರಿಗೆ ಮುಟ್ಟಿತು. ಮಾರುವವನೇ ಬೇರೊಂದು ಹೆಸರಿನಿಂದ ಸವಾಲು ಹಾಕಿದ್ದು ಹೊರಬಿದ್ದು ಮಾರಾಟ ರದ್ದಾಯಿತು. ಸುಳ್ಳು ಹೆಸರುಗಳಿಂದ ಪರಸ್ಪರರ ಸರಕಿಗೆ ದರ ಏರಿಸುತ್ತಿದ್ದ ಕೂಟದ ಮೇಲೆ 2001ರಲ್ಲಿ ದೋಷಾರೋಪಣೆಯಾಯಿತು. ಒಂದೇ ಪ್ರಕರಣದಲ್ಲಿ ಪ್ರತಿರೂಪಕವ್ಯವಹಾರ, ಕೂಟಲೇಖ, ಬೇನಾಮಿ ಸವಾಲು ಮೂರೂ ಕೂಡಿದ್ದವು. ಇವಲ್ಲದೆ ಹಣ ಪಡೆದು ಸರಕು ಕಳುಹಿಸದಿರುವುದು, ಕದ್ದ ಮಾಲನ್ನು ಹರಾಜಿಗಿಡುವುದು, ಹರಾಜು ನಡೆಸುವವನೇ ಮುಚ್ಚಿದ ದರಗಳನ್ನು ಕದ್ದು ನೋಡಿ ತನ್ನವರಿಗೆ ತಿಳಿಸುವುದು ಮುಂತಾದವು ಈ ಪೇಟೆಯ ಉಳಿದ ರೋಗಗಳು.

ಇನ್ನು ಔಷಧದ ಸ್ವರೂಪ. ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಕಿರ್ದಿ ಪುಸ್ತಕ. ಸಾಮಾನ್ಯ ಕಿರ್ದಿ ಒಬ್ಬ ಸಾಹುಕಾರನ ಪೆಟ್ಟಿಗೆಯಲ್ಲಿರುತ್ತದೆ. ಇದರ ಪ್ರತಿಗಳು ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುತ್ತವೆ. ಪ್ರತಿಯೊಂದು ಪುಟವೂ ಹಿಂದಿನ ಪುಟದ ಗಣಿತೀಯ ಮುದ್ರೆಯನ್ನು ಹೊತ್ತಿರುವುದರಿಂದ ಹಳೆಯ ಪುಟದಲ್ಲಿ ಒಂದು ಅಂಕಿಯನ್ನು ತಿದ್ದಿದರೂ ಮುಂದಿನ ಎಲ್ಲ ಮುದ್ರೆಗಳು ಹೊಂದದೆ ಹೋಗುತ್ತವೆ. ದಾಖಲೆಗಳಿಗೆ ಹೀಗೆ ಕಾಲಮುದ್ರೆ ಹಾಕಿ ಒಂದಕ್ಕೊಂದು ಕೊಂಡಿ ಹಾಕುವ ವಿಧಾನವನ್ನು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ 1991ರಲ್ಲಿ ಪ್ರಕಟಿಸಿದರು. ಸತೋಶಿ ನಕಮೋಟೊ ಎಂಬ ಗುಪ್ತನಾಮದಲ್ಲಿ 2008ರಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧ ಅದನ್ನು ಮಧ್ಯಸ್ಥನಿಲ್ಲದ ಹಣದ ವ್ಯವಸ್ಥೆಯಾಗಿ ಬೆಳೆಸಿತು. 2015ರಲ್ಲಿ ಆರಂಭವಾದ ಇಥೀರಿಯಂ, ಕಿರ್ದಿಯೊಳಗೆ ಕರಾರುಗಳನ್ನೂ ಬರೆದಿಡುವ ಅನುಕೂಲವನ್ನು ಒದಗಿಸಿತು. ಷರತ್ತು ಪೂರೈಸಿದೊಡನೆ ಯಾರ ಅಪ್ಪಣೆಗೂ ಕಾಯದೆ ಜಾರಿಯಾಗುವ ಈ ಕರಾರುಗಳಿಂದಲೇ ಹರಾಜು ನಡೆಸುವುದು ಸಾಧ್ಯವಾಗಿದೆ.

ಈ ಔಷಧದಲ್ಲಿ ಗುಣವಿಲ್ಲವೆಂದು ತಳ್ಳಿಹಾಕುವುದು ನ್ಯಾಯವಾಗದು. ಅದರ ಮೊದಲ ಗುಣ ಕೂಟಲೇಖಕ್ರಿಯೆಯನ್ನು ತಡೆಯುವುದು. ಎರಡನೆಯ ದರದ ಹರಾಜನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿದ ಈ ಪದ್ಧತಿಯಲ್ಲಿ ಎಲ್ಲರೂ ಮುಚ್ಚಿದ ಲಕೋಟೆಯಲ್ಲಿ ದರ ಬರೆಯುತ್ತಾರೆ. ಅತಿ ಹೆಚ್ಚು ಬರೆದವನು ಗೆಲ್ಲುತ್ತಾನೆ, ಆದರೆ ಎರಡನೆಯವನ ದರವನ್ನಷ್ಟೇ ಕೊಡುತ್ತಾನೆ. ಪ್ರತಿಯೊಬ್ಬನೂ ತನ್ನ ನಿಜವಾದ ಬೆಲೆಯನ್ನೇ ಬರೆಯುವುದು ಇಲ್ಲಿ ಲಾಭಕರ. ಆದರೆ ಹರಾಜು ನಡೆಸುವವನು ಅಪ್ರಾಮಾಣಿಕನಾದರೆ ಲಕೋಟೆಗಳನ್ನು ತೆರೆದು ನೋಡಿ, ಅತಿ ಹೆಚ್ಚಿನ ದರಕ್ಕಿಂತ ತುಸುವೇ ಕಡಿಮೆಯಾದ ಒಂದು ಸುಳ್ಳು ಲಕೋಟೆಯನ್ನು ಸೇರಿಸಿ ಗೆದ್ದವನನ್ನು ಸುಲಿಯಬಲ್ಲನು. ಬ್ಲಾಕ್‌ಚೈನ್ ಹರಾಜಿನಲ್ಲಿ ಮೊದಲ ಗಡುವಿನೊಳಗೆ ಪ್ರತಿಯೊಬ್ಬನೂ ತನ್ನ ದರದ ಗಣಿತೀಯ ಮುದ್ರೆಯನ್ನು ಮಾತ್ರ ದಾಖಲಿಸುತ್ತಾನೆ. ಅದನ್ನು ನೋಡಿ ದರವನ್ನು ತಿಳಿಯಲಾಗದು. ಗಡುವು ಮುಗಿದ ಮೇಲೆ ದರವನ್ನು ಬಹಿರಂಗಪಡಿಸಿದಾಗ ಅದು ಮೊದಲಿನ ಮುದ್ರೆಗೆ ಹೊಂದಲೇಬೇಕು. ದರಗಳನ್ನು ಕಂಡ ಮೇಲೆ ಹೊಸ ಲಕೋಟೆ ಸೇರಿಸುವ ದಾರಿ ಮುಚ್ಚಿಹೋಯಿತು. ಜಾನುವಾರು ಜಾತ್ರೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ಹೊಳೆಯುತ್ತದೆ. ಇಥೀರಿಯಂ ನೇಮ್ ಸರ್ವಿಸ್ ಎಂಬ ಹೆಸರು ನೋಂದಣಿಯ ವ್ಯವಸ್ಥೆ 2017ರಲ್ಲಿ ಇದೇ ಕ್ರಮದಿಂದ ಹೆಸರುಗಳನ್ನು ಹರಾಜು ಹಾಕಿತು. 2019ರಲ್ಲಿ ಅದು ಹರಾಜನ್ನು ಬಿಟ್ಟು ವಾರ್ಷಿಕ ಶುಲ್ಕದ ನೋಂದಣಿಗೆ ತಿರುಗಿದರೂ ಈ ಕ್ರಮ ನಡೆಯಬಲ್ಲದೆಂಬುದು ಸಿದ್ಧವಾಗಿತ್ತು.

ಎರಡನೆಯ ಗುಣ ನ್ಯಾಸಕ್ಕೆ ಸಂಬಂಧಿಸಿದುದು. ಕೊಳ್ಳುವವನ ಹಣ ಕರಾರಿನೊಳಗೆ ಠೇವಣಿಯಾಗಿ ಕೂರುತ್ತದೆ. ಷರತ್ತು ಪೂರೈಸುವ ತನಕ ಮಾರುವವನೂ ಮುಟ್ಟಲಾರ, ಮಧ್ಯಸ್ಥನೂ ಮುಟ್ಟಲಾರ. ಮಾರಿದ್ದು ಗಣಕಯಂತ್ರದೊಳಗಿನ ವಸ್ತುವೇ ಆದರೆ ಹಣ ಮತ್ತು ವಸ್ತು ಒಂದೇ ಕ್ಷಣದಲ್ಲಿ ಕೈ ಬದಲಾಗುತ್ತವೆ. ಹಣ ಪಡೆದು ಪರಾರಿಯಾಗುವ ಮೋಸಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಈ ಗುಣಕ್ಕೆ ಅಂಟಿಕೊಂಡೇ ಒಂದು ದೋಷವೂ ಇದೆ. 2022ರ ಏಪ್ರಿಲಿನಲ್ಲಿ ಅಕುಟಾರ್ಸ್ ಎಂಬ ಚಿತ್ರಸಂಗ್ರಹದ ಹರಾಜು ಇಂಥ ಕರಾರಿನ ಮೂಲಕ ನಡೆಯಿತು. ಕರಾರಿನ ಬರವಣಿಗೆಯಲ್ಲಿದ್ದ ದೋಷದಿಂದ ಮಾರಿದವರಿಗೆ ಸೇರಬೇಕಾಗಿದ್ದ 11,539 ಈಥರ್, ಅಂದಿನ ಬೆಲೆಯಲ್ಲಿ ಸುಮಾರು 3 ಕೋಟಿ 40 ಲಕ್ಷ ಡಾಲರ್, ಅದರೊಳಗೇ ಸಿಕ್ಕಿಬಿದ್ದಿತು. ಕದ್ದವರು ಯಾರೂ ಇಲ್ಲ; ಆದರೂ ಹಣ ಯಾರಿಗೂ ದಕ್ಕಲಿಲ್ಲ. ನ್ಯಾಸವನ್ನು ನುಂಗದ ಪೆಟ್ಟಿಗೆಯನ್ನು ಮಾಡಬಹುದು. ಬೀಗ ಕೆಟ್ಟಾಗ ನ್ಯಾಯ ಕೇಳಲು ಆ ಪೆಟ್ಟಿಗೆಗೆ ಕಿವಿಯಿರುವುದಿಲ್ಲ.

ಇಲ್ಲಿಗೆ ಏಳರಲ್ಲಿ ಎರಡಕ್ಕೆ ಈ ತಂತ್ರಜ್ಞಾನ ಒಂದು ಮಟ್ಟಿನ ಪರಿಹಾರವಾಯಿತು. ಉಳಿದವುಗಳ ಮುಂದೆ ಅದರ ಶಕ್ತಿ ಬೇಗನೆ ಕುಂದುತ್ತದೆ. ಕಾರಣ ಸರಳವಾದುದು. ಬರೆದುದನ್ನು ಯಾರೂ ತಿದ್ದದಂತೆ ಕಾಯಬಲ್ಲ ಕಿರ್ದಿ, ಬರೆಯುವಾಗಲೇ ಸುಳ್ಳು ಬರೆದರೆ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಪ್ರತಿರೂಪಕವ್ಯವಹಾರವನ್ನು ನೋಡಬೇಕು. ಓಪನ್‌ಸೀ ಎಂಬುದು ಬ್ಲಾಕ್‌ಚೈನ್ ಮೇಲಿನ ಚಿತ್ರಾದಿಗಳ ಒಡೆತನದ ಚೀಟಿಗಳನ್ನು ಮಾರುವ, ಹರಾಜು ಹಾಕುವ ದೊಡ್ಡ ಪೇಟೆ. ತನ್ನ ಉಚಿತ ಸೌಲಭ್ಯದ ಮೂಲಕ ಸೃಷ್ಟಿಯಾದ ಚೀಟಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಕೃತಿಚೌರ್ಯ, ನಕಲಿ ಸಂಗ್ರಹ ಅಥವಾ ಕಸವೆಂದು 2022ರ ಜನವರಿಯಲ್ಲಿ ಅದೇ ಸಂಸ್ಥೆ ಹೇಳಿತು. ಒಬ್ಬ ಕಲಾವಿದನ ಚಿತ್ರವನ್ನು ಬೇರೊಬ್ಬನು ತನ್ನದೆಂದು ದಾಖಲಿಸಿದಾಗ ಯಾವ ಮುದ್ರೆಯೂ ತಪ್ಪಲಿಲ್ಲ. ಗಣಿತಕ್ಕೆ ಬೇಕಾದುದೆಲ್ಲ ಸರಿಯಾಗಿಯೇ ಇತ್ತು. ಕೈಗೆ ಸಿಗುವ ವಸ್ತುಗಳಲ್ಲಂತೂ ಕಷ್ಟ ಇನ್ನೂ ಹೆಚ್ಚು. ಜೈನ ಮನೆತನಗಳು, ವಿಶೇಷವಾಗಿ ಪಾಲನಪುರದ ಮೂಲದವರು, ತಲೆಮಾರುಗಳಿಂದ ನಡೆಸಿಕೊಂಡು ಬಂದ ವಜ್ರದ ವ್ಯಾಪಾರದಲ್ಲಿ ಕಲ್ಲಿನ ಮೂಲವನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಪ್ರಯತ್ನಗಳಿವೆ. ಡಿ ಬಿಯರ್ಸ್ ಸಂಸ್ಥೆಯ ಟ್ರೇಸರ್ ಅಂಥದೊಂದು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ಭೂಮಿಯಿಂದ ಬಂದ ವಜ್ರದಿಂದ ಬರಿಗಣ್ಣಿನಿಂದ ಬೇರ್ಪಡಿಸಲಾಗದು. ಅದನ್ನು ಅದರ ಹೆಸರಿನಲ್ಲೇ ಮಾರಿದರೆ ದೋಷವಿಲ್ಲ. ಹೆಸರು ಮುಚ್ಚಿ ಮಾರಿದರೆ ಆಚಾರ್ಯರು ಹೇಳಿದ ಅತಿಚಾರವೇ. ಕಲ್ಲನ್ನು ಪರೀಕ್ಷಿಸಿ ದಾಖಲೆಯಲ್ಲಿ ಮೊದಲ ಸಾಲು ಬರೆಯುವ ಮನುಷ್ಯ ಮತ್ತು ಅವನ ಉಪಕರಣ ಪ್ರಾಮಾಣಿಕವಾಗಿದ್ದರೆ ಮಾತ್ರ ಮುಂದಿನ ಸಾಲುಗಳಿಗೆ ಬೆಲೆ. ದಾಖಲೆ ಹೊತ್ತ ಕಲ್ಲನ್ನು ತೆಗೆದು ಬೇರೊಂದನ್ನು ಇಡುವ ಕೈಯನ್ನೂ ಅದು ಹಿಡಿಯಲಾರದು.

ಕರ್ನಾಟಕದ ಕೃಷಿ ಮಾರುಕಟ್ಟೆಗಳ ಅನುಭವ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿರುವುದು ಬ್ಲಾಕ್‌ಚೈನ್ ಅಲ್ಲ. ಗಣಕಯಂತ್ರದ ಮೂಲಕ ನಡೆಯುವ ಹರಾಜು. ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿಯೂ ಕೇಂದ್ರದ ಇ-ನಾಮ್ 2016ರ ಏಪ್ರಿಲಿನಲ್ಲಿಯೂ ಆರಂಭವಾದವು. ವರ್ತಕರು ದರಗಳನ್ನು ಯಂತ್ರದಲ್ಲಿ ನಮೂದಿಸುವುದರಿಂದ ದರದ ಚೀಟಿಗಳನ್ನು ಅದಲುಬದಲು ಮಾಡುವ ಅವಕಾಶ ಕಡಿಮೆಯಾಯಿತು. ಆದರೆ ರಾಶಿಯ ತೇವಾಂಶವೆಷ್ಟು, ಕಸವೆಷ್ಟು, ತಕ್ಕಡಿ ನೆಟ್ಟಗಿದೆಯೇ ಎಂಬುದನ್ನು ಯಂತ್ರ ತಾನಾಗಿ ಅರಿಯದು. ಆ ಕೆಲಸಕ್ಕೆ ಗುಣಮಟ್ಟದ ಪರೀಕ್ಷೆ, ಪರೀಕ್ಷಕ, ತೂಕದವನು ಬೇಕು. ಹೀನಾಧಿಕಮಾನೋನ್ಮಾನ ನಡೆಯುವ ಸ್ಥಳ ಕಿರ್ದಿಯಲ್ಲ, ತಕ್ಕಡಿ. ವರ್ತಕರು ಹರಾಜಿಗೆ ಮುನ್ನವೇ ಕೂಡಿಕೊಂಡು ದರ ಇಳಿಸಲು ಒಪ್ಪಿಕೊಂಡರೆ, ಆ ಒಪ್ಪಂದವೂ ಯಾವ ಕಿರ್ದಿಯಲ್ಲಿಯೂ ದಾಖಲಾಗದು.

ತದಾಹೃತಾದಾನದ ವಿಚಾರದಲ್ಲಿ ಈ ತಂತ್ರಜ್ಞಾನದ ಹೆಗ್ಗಳಿಕೆಯೇ ತೊಡಕಾಗುತ್ತದೆ. ಒಬ್ಬನ ಗುಪ್ತ ಕೀಲಿಯನ್ನು ವಂಚನೆಯಿಂದ ಪಡೆದು ಅವನ ವಸ್ತುವನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಂಡವನನ್ನು ಕಿರ್ದಿ ಒಡೆಯನೆಂದೇ ಬರೆಯುತ್ತದೆ, ಅದನ್ನು ಅಳಿಸುವಂತಿಲ್ಲ. ಅಳಿಸಲೇಬೇಕಾದ ಸಂದರ್ಭ ಬಂದಾಗ ಏನಾಗುತ್ತದೆಂಬುದಕ್ಕೆ 2016ರ ದೃಷ್ಟಾಂತವಿದೆ. ದಿ ಡಾವೊ ಎಂಬ ಸಾಮೂಹಿಕ ನಿಧಿಯ ಕರಾರಿನಲ್ಲಿದ್ದ ಬಿರುಕಿನಿಂದ ಆ ವರ್ಷದ ಜೂನ್ ತಿಂಗಳಿನಲ್ಲಿ ಸುಮಾರು 36 ಲಕ್ಷ ಈಥರ್ ಹೊರಸಾಗಿತು. ಜುಲೈ ತಿಂಗಳಿನಲ್ಲಿ ಇಥೀರಿಯಂ ಬಳಸುವವರಲ್ಲಿ ಬಹುಪಾಲು ಜನ ಚರ್ಚಿಸಿ, ಕಿರ್ದಿಯ ನಿಯಮವನ್ನೇ ಬದಲಾಯಿಸಿ ಆ ಹಣವನ್ನು ಹಿಂದಕ್ಕೆ ತಂದರು. ಒಪ್ಪದವರು ಹಳೆಯ ಕಿರ್ದಿಯನ್ನೇ ಬೇರೆಯಾಗಿ ಮುಂದುವರಿಸಿದರು. ಆ ನಿರ್ಧಾರ ಸರಿಯೋ ತಪ್ಪೋ ಎಂಬ ವಾದ ಬೇರೆ. ಕಟ್ಟಕಡೆಗೆ ತೀರ್ಪು ಕೊಟ್ಟವರು ಮನುಷ್ಯರು ಎಂಬುದು ಮುಖ್ಯ. ಪಂಚಾಯಿತಿಯ ಅಗತ್ಯವೇ ಇಲ್ಲವೆಂದು ಹೊರಟ ವ್ಯವಸ್ಥೆ ಸಂಕಟದ ದಿನ ಪಂಚಾಯಿತಿಯನ್ನೇ ಸೇರಿಸಬೇಕಾಯಿತು.

ಬೇನಾಮಿ ಸವಾಲಿನ ವಿಷಯದಲ್ಲಿ ಭರವಸೆ ಮತ್ತು ವಾಸ್ತವದ ನಡುವಿನ ದೂರ ಇನ್ನೂ ಸ್ಪಷ್ಟವಾಗುತ್ತದೆ. ಇಂಥ ಬಹಿರಂಗ ಕಿರ್ದಿಗಳಲ್ಲಿ ವ್ಯಕ್ತಿಗಳ ಹೆಸರಿಲ್ಲ; ಅಕ್ಷರ ಅಂಕಿಗಳ ಖಾತೆಗಳಷ್ಟೇ ಇವೆ. ಒಬ್ಬನು ಬೇಕಾದಷ್ಟು ಖಾತೆಗಳನ್ನು ತೆರೆಯಬಹುದು. 2021ರ ಅಕ್ಟೋಬರಿನಲ್ಲಿ ಕ್ರಿಪ್ಟೋಪಂಕ್ ಸರಣಿಯ 9998ನೆಯ ಚಿತ್ರ 1,24,457 ಈಥರಿಗೆ, ಅಂದರೆ ಸುಮಾರು 53 ಕೋಟಿ ಡಾಲರಿಗೆ ಮಾರಾಟವಾದಂತೆ ದಾಖಲಾಯಿತು. ಅಷ್ಟೂ ಹಣ ಕ್ಷಣಮಾತ್ರದ ಸಾಲ; ಒಂದು ಕೈಯಿಂದ ಹೊರಟು ಅದೇ ಮನುಷ್ಯನ ಇನ್ನೊಂದು ಕೈಗೆ ಬಂದು, ಅದೇ ಉಸಿರಿನಲ್ಲಿ ಸಾಲ ಕೊಟ್ಟವರಿಗೆ ಹಿಂತಿರುಗಿತ್ತು. ದಾಖಲೆಯಲ್ಲಿ ಒಂದು ಅಕ್ಷರವೂ ತಿದ್ದಿದ್ದಲ್ಲ, ಆದರೂ ಆ ಬೆಲೆ ಹುಸಿ. ಕಿರ್ದಿ ಎಲ್ಲರಿಗೂ ತೆರೆದಿದ್ದುದರಿಂದಲೇ ನೋಡುಗರು ಬಹುಬೇಗ ಅದರ ಗುಟ್ಟನ್ನು ಬಿಡಿಸಿದರು ಎಂಬುದನ್ನೂ ಹೇಳಬೇಕು. ಮುಚ್ಚಿದ ಪುಸ್ತಕದಲ್ಲಿ ಅದು ಸಾಧ್ಯವಾಗುತ್ತಿರಲಿಲ್ಲ. ಆದರೆ ಅಲ್ಲಿ ಮೋಸವನ್ನು ಹಿಡಿದದ್ದು ಓದಿ ವಿವೇಚಿಸಿದ ಕಣ್ಣು. ಕಿರ್ದಿ ಸಾಕ್ಷಿ ಮಾತ್ರ. ಸಣ್ಣ ಸಣ್ಣ ಮೊತ್ತಗಳಲ್ಲಿ, ಹತ್ತಾರು ಖಾತೆಗಳಲ್ಲಿ ಹಂಚಿ ಮಾಡಿದ ಹುಸಿ ಸವಾಲನ್ನು ಹೀಗೆ ಹಿಡಿಯುವುದು ಸುಲಭವಲ್ಲ.

ಕಲಶಾಭಿಷೇಕದ ಸವಾಲುಗಳನ್ನು ಕಂಡವರಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಬಸದಿಯ ಮುಂದೆ ಸೇರಿದ ಸಭೆಯಲ್ಲಿ ಮೊತ್ತ ಕೂಗಿದವನು ಯಾರ ಮಗ, ಯಾವ ಊರಿನವನು ಎಂಬುದು ಎಲ್ಲರಿಗೂ ಗೊತ್ತು. ಬರಹವಿಲ್ಲದಿದ್ದರೂ ಆಡಿದ ಮಾತು ನಿಲ್ಲುವುದು ಆ ಪರಿಚಯದ ಬಲದಿಂದ. ಅಲ್ಲಿ ಮುಖವಿದೆ, ತಿದ್ದಲಾಗದ ಪುಸ್ತಕವಿಲ್ಲ. ಇಲ್ಲಿ ತಿದ್ದಲಾಗದ ಪುಸ್ತಕವಿದೆ, ಮುಖವಿಲ್ಲ.

ಹೊರಗಿನ ಖಾತರಿಯ ಮೇಲೆ ಪೂರ್ಣ ಭಾರ ಹಾಕುವುದರ ಅಪಾಯವನ್ನು ಜೈನ ಕಥಾಸಾಹಿತ್ಯ ಬಹಳ ಹಿಂದೆಯೇ ಕಂಡಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಸತ್ಯಕ್ಕೆ ಉದಾಹರಣೆಯಾಗಿ ಸತ್ಯಘೋಷನನ್ನು ಹೆಸರಿಸುತ್ತಾರೆ. ಈ ಪುರೋಹಿತನು ಯಜ್ಞೋಪವೀತಕ್ಕೆ ಕಿರುಗತ್ತಿಯೊಂದನ್ನು ಕಟ್ಟಿಕೊಂಡು, ಸುಳ್ಳು ನುಡಿದರೆ ನಾಲಗೆಯನ್ನೇ ಕತ್ತರಿಸಿಕೊಳ್ಳುವೆನೆಂದು ಸಾರುತ್ತಿದ್ದನು. ಆ ಕತ್ತಿಯನ್ನು ಕಂಡು ಜನ ಅವನಲ್ಲಿ ನ್ಯಾಸ ಇಡುತ್ತಿದ್ದರು. ರತ್ನಗಳನ್ನಿಟ್ಟು ಹಡಗು ಹತ್ತಿದ ವರ್ತಕನೊಬ್ಬ ಸರ್ವಸ್ವವನ್ನೂ ಕಳೆದುಕೊಂಡು ಹಿಂತಿರುಗಿ ಕೇಳಿದಾಗ ಸತ್ಯಘೋಷನು ಅವನನ್ನು ಹುಚ್ಚನೆಂದನು. ಊರು ನಂಬಿದ್ದು ಕತ್ತಿಯನ್ನು, ವರ್ತಕನನ್ನಲ್ಲ. ಅವನ ಮೊರೆಯಲ್ಲಿ ಸತ್ಯವಿರಬಹುದೆಂದು ಶಂಕಿಸಿದವಳು ರಾಣಿ ರಾಮದತ್ತೆ. ಪಗಡೆಯಾಟದಲ್ಲಿ ಪುರೋಹಿತನ ಉಂಗುರ ಮೊದಲಾದ ಗುರುತುಗಳನ್ನು ಗೆದ್ದು, ಅವನ ಮನೆಗೆ ಕಳುಹಿಸಿ ರತ್ನಗಳನ್ನು ತರಿಸಿದಳು. ರಾಜನು ಅವನ್ನು ಬೇರೆ ರತ್ನಗಳೊಡನೆ ಬೆರೆಸಿ ಮುಂದಿಟ್ಟಾಗ ವರ್ತಕನು ತನ್ನವನ್ನು ಮಾತ್ರ ಆರಿಸಿಕೊಂಡನು. ಬ್ಲಾಕ್‌ಚೈನ್ ಎಂಬ ಮುದ್ರೆಯನ್ನು ಸರಕಿನ ಮೇಲೆ ಒತ್ತಿದ್ದೇ ಸಾಕು, ಇನ್ನು ವಿಚಾರಣೆ ಬೇಡವೆನ್ನುವವರು ಆ ಊರಿನ ಜನರ ಸ್ಥಾನದಲ್ಲಿದ್ದಾರೆ. ಗುಣವುಳ್ಳ ಮುದ್ರೆಯೇ ಮೋಸಕ್ಕೆ ಹೆಚ್ಚು ಉಪಯುಕ್ತವಾಗುವುದು. ಬೆಲೆಯಿಲ್ಲದ ಮುದ್ರೆಯನ್ನು ಯಾರೂ ಮರೆಯಾಗಿ ಬಳಸುವುದಿಲ್ಲ.

ಅಹಿಂಸೆಯ ದೃಷ್ಟಿಯಿಂದಲೂ ಒಂದು ಮಾತು ಪ್ರಸ್ತುತ. ಬಿಟ್‌ಕಾಯಿನ್‌ನ ಕಿರ್ದಿಯಲ್ಲಿ ಹೊಸ ಪುಟ ಸೇರಿಸುವ ಹಕ್ಕಿಗಾಗಿ ಯಂತ್ರಗಳು ಎಡೆಬಿಡದೆ ಲೆಕ್ಕ ಹಾಕುತ್ತ ಅಪಾರ ವಿದ್ಯುತ್ತನ್ನು ವ್ಯಯಿಸುತ್ತವೆ. ಇಥೀರಿಯಂ 2022ರ ಸೆಪ್ಟೆಂಬರಿನಲ್ಲಿ ಈ ಕ್ರಮವನ್ನು ಬಿಟ್ಟು, ಪಣವಾಗಿಟ್ಟ ಹಣದ ಆಧಾರದ ಕ್ರಮಕ್ಕೆ ಬಂದುದರಿಂದ ಅದರ ವಿದ್ಯುತ್ ಬಳಕೆ ಶೇಕಡಾ 99ಕ್ಕೂ ಮಿಗಿಲಾಗಿ ಇಳಿಯಿತು. ಸಾಧನ ಒಂದೇ ಹೆಸರಿನದಾದರೂ ಅದರಲ್ಲಿನ ಆರಂಭಹಿಂಸೆ ಒಂದೇ ಪ್ರಮಾಣದ್ದಲ್ಲ. ಆದುದರಿಂದ ಯಾವುದನ್ನು ಬಳಸುವುದೆಂಬುದೂ ವಿವೇಕದ ವಿಷಯ.

ಹಾಗಾದರೆ ವ್ರತಕ್ಕೂ ಯಂತ್ರಕ್ಕೂ ಸಂಬಂಧವೇನು? ದ್ರವ್ಯ ಮತ್ತು ಭಾವ ಎಂಬ ಭೇದ ಇಲ್ಲಿ ನೆರವಾಗುತ್ತದೆ. ಕದಿಯಲು ದಾರಿಯಿಲ್ಲದ್ದರಿಂದ ಕದಿಯದವನಲ್ಲಿ ದ್ರವ್ಯಚೌರ್ಯ ನಡೆಯಲಿಲ್ಲ. ಅವನ ಭಾವ ಹಾಗೆಯೇ ಉಳಿಯಿತು. ಪ್ರಮತ್ತಯೋಗ ಇರುವ ತನಕ ಮನಸ್ಸು ಮುಚ್ಚಿದ ಬಾಗಿಲನ್ನು ಬಿಟ್ಟು ತೆರೆದ ಬಾಗಿಲನ್ನು ಹುಡುಕುತ್ತದೆ. ಲಕೋಟೆ ತಿದ್ದಲಾಗದವನು ಸರಕನ್ನು ಬದಲಿಸುತ್ತಾನೆ. ಸರಕನ್ನು ಬದಲಿಸಲಾಗದವನು ಹೆಸರನ್ನು ಬದಲಿಸುತ್ತಾನೆ. ಆದರೂ ಮೋಸಹೋಗಬಹುದಾಗಿದ್ದ ರೈತನ ಅಥವಾ ಕಲಾವಿದನ ಹಣ ಉಳಿದರೆ ಅದು ಸಣ್ಣ ಫಲವಲ್ಲ. ಬೀಗವನ್ನು ಹಾಕುವುದು ವ್ರತಕ್ಕೆ ವಿರೋಧವೂ ಅಲ್ಲ, ವ್ರತಕ್ಕೆ ಬದಲಿಯೂ ಅಲ್ಲ.

ಈ ವಿಮರ್ಶೆಯಿಂದ ವ್ಯವಹಾರಸ್ಥರಿಗೆ ಕೆಲವು ನಿಯಮಗಳು ಒದಗುತ್ತವೆ. ಮಾರುವವನು ತಾನಾಗಲಿ, ತನ್ನ ಬಂಧುಗಳಾಗಲಿ, ಪಾಲುದಾರರಾಗಲಿ ತನ್ನ ಸರಕಿಗೆ ಸವಾಲು ಹಾಕಕೂಡದು. ಸರಕಿನ ಮೊದಲ ದಾಖಲೆಯನ್ನು ಮಾರಾಟದಲ್ಲಿ ಲಾಭವಿಲ್ಲದ ಪರೀಕ್ಷಕನೊಬ್ಬ ತನ್ನ ಹೆಸರಿನಲ್ಲಿ ಬರೆದು ಅದಕ್ಕೆ ಹೊಣೆಯಾಗಬೇಕು. ಠೇವಣಿಯನ್ನು ಕರಾರಿನಲ್ಲಿಟ್ಟರೂ ವಿವಾದ ಬಂದಾಗ ಕೇಳಿ ತೀರ್ಮಾನಿಸುವ ಮಧ್ಯಸ್ಥರನ್ನು ಮೊದಲೇ ಗೊತ್ತುಮಾಡಿರಬೇಕು. ಭಾರತದಲ್ಲಿ 2020ರ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳು ಮಾರುವವನ ವಿವರಗಳನ್ನು ಪ್ರಕಟಿಸುವ, ದೂರು ಕೇಳುವ ಅಧಿಕಾರಿಯನ್ನು ನೇಮಿಸುವ ಹೊಣೆಯನ್ನು ಅಂತರ್ಜಾಲದ ಪೇಟೆಗಳ ಮೇಲೆ ಹೊರಿಸಿವೆ. ಗುಪ್ತ ಖಾತೆಯ ಮರೆಯಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ವಿರುದ್ಧರಾಜ್ಯಾತಿಕ್ರಮವೇ ಸರಿ. ಕೊಳ್ಳುವವನಿಗೂ ಒಂದು ಹೊಣೆಯಿದೆ. ಬೆಲೆ ತೀರ ಅಗ್ಗವಾದಾಗ ಆ ವಸ್ತು ಎಲ್ಲಿಂದ ಬಂತೆಂದು ವಿಚಾರಿಸುವುದನ್ನು ಯಾವ ಕಿರ್ದಿಯೂ ಅವನ ಪರವಾಗಿ ಮಾಡದು.